ಹಳಗನ್ನಡಕ್ಕೆ ಅರ್ಜಿ ಹಾಕುವವರು

2024ರ ಆಗಸ್ಟ್ ಕೊನೆಯ ವಾರ. ಹುಟ್ಟೂರಾದ ಗಾವಡಗೆರೆಗೆ ದಾಯಾದಿಗಳ ಮನೆಯ ಕಾರ್ಯವೊಂದಕ್ಕೆ ಹೋಗಿದ್ದೆ. ಹುಣಸೂರು ತಾಲ್ಲೂಕಿನ ಆ ಸೀಮೆಯಲ್ಲಿ ಅದು ತಂಬಾಕು ಹದ ಮಾಡುವ ಕಾಲ. ಸಂಜೆಯಾದರೆ ಹೊಲಗಳ ನಡುವಿನ ಬ್ಯಾರನ್‌ಗಳಿಂದ ಹೊಗೆ ಏಳುತ್ತದೆ. ಪ್ರತಿ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಒಬ್ಬರು ಎಚ್ಚರವಿರಲೇಬೇಕು. ಶಾಖವನ್ನು ಅವಸರದಿಂದ ಏರಿಸಿದರೆ ಎಲೆಯಲ್ಲಿ ಹಸಿರು ಉಳಿದುಬಿಡುತ್ತದೆ, ತಡ ಮಾಡಿದರೆ ಕಂದಿ ಬೆಲೆ ಕಳೆದುಕೊಳ್ಳುತ್ತದೆ. ಅಂಥದೊಂದು ಬ್ಯಾರನ್ನಿನ ಎದುರು, ಸೌದೆಯ ರಾಶಿಗೆ ಒರಗಿ, ನೆರೆಮನೆಯ ರೈತರ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಕೈಯಲ್ಲಿದ್ದುದು ಕನ್ನಡ ನೆಟ್ ಪರೀಕ್ಷೆಯ ಮಾರ್ಗದರ್ಶಿ. ಪಕ್ಕದಲ್ಲಿ, ಹೊಲಿಗೆ ಬಿಟ್ಟ ಒಂದು ಹಳೆಯ ಪುಸ್ತಕ: ಮಂಗರಸನ ಕಾವ್ಯ. ‘ಅದು ಓದಲೇಬೇಕು ಸಾರ್, ಇದು ಓದಬೇಕು ಅನ್ನಿಸ್ತದೆ’ ಎಂದಳು.

ಹಳಗನ್ನಡ, ನಡುಗನ್ನಡ ಕಾವ್ಯಗಳ ಹಸ್ತಪ್ರತಿಗಳ ಮೇಲೆ ಪಿಎಚ್‌ಡಿ ಮಾಡಬೇಕೆಂಬುದು ಆಕೆಯ ಆಸೆ. ಒಲೆಗೆ ಸೌದೆ ತಳ್ಳಲು ಬಂದ ತಂದೆ ನನ್ನನ್ನು ಕಂಡು ಒಂದೇ ಮಾತು ಕೇಳಿದರು: ‘ಇದ್ನ ಓದುದ್ರೆ ಕೆಲ್ಸ ಸಿಕ್ತದಾ ಮೇಷ್ಟ್ರೇ?’ ಮೂವತ್ತು ವರ್ಷ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದ ನಾನು ಆ ರಾತ್ರಿ ನೇರ ಉತ್ತರ ಕೊಡಲಾಗದೆ ‘ನೋಡೋಣ’ ಎಂದು ಎದ್ದು ಬಂದೆ.

ಆ ಹುಡುಗಿ ಓದುತ್ತಿದ್ದುದು ಒಮ್ಮೆ ಬರೆದು ಮುಗಿಸಿದ್ದ ಪರೀಕ್ಷೆಗೇ. ಆ ವರ್ಷದ ಜೂನ್ 18ರಂದು ದೇಶದಾದ್ಯಂತ 9 ಲಕ್ಷಕ್ಕೂ ಹೆಚ್ಚು ಮಂದಿ ನೆಟ್ ಬರೆದರು. ಮರುದಿನ ರಾತ್ರಿ ಪ್ರಶ್ನೆಪತ್ರಿಕೆ ಸೋರಿಕೆಯ ಶಂಕೆಯಿಂದ ಇಡೀ ಪರೀಕ್ಷೆಯನ್ನು ರದ್ದುಪಡಿಸಲಾಯಿತು. ಶಂಕೆಗೆ ಕಾರಣವಾದ ಚಿತ್ರವೇ ತಿದ್ದಿದ್ದೆಂದು ಸಿಬಿಐ ಆಮೇಲೆ ಕಂಡುಕೊಂಡಿತಂತೆ. ಆದರೂ ಮರುಪರೀಕ್ಷೆ ತಪ್ಪಲಿಲ್ಲ. ಆ ಮರುಪರೀಕ್ಷೆ ನಡೆದದ್ದು ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ, ಅಂದರೆ ನಮ್ಮ ಸೀಮೆಯಲ್ಲಿ ಮನೆಯ ಪ್ರತಿಯೊಂದು ಕೈಗೂ ಕೆಲಸವಿರುವ ಹದಿನೈದು ದಿನಗಳಲ್ಲಿ. ದೆಹಲಿಯಲ್ಲಿ ದಿನಾಂಕ ಗೊತ್ತು ಮಾಡುವವರಿಗೆ ಹುಣಸೂರಿನ ಬ್ಯಾರನ್ ನೆನಪಾಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಹಗಲು ಸೊಪ್ಪನ್ನು ಕಡ್ಡಿಗೆ ಕಟ್ಟಿ, ಇರುಳು ಬೆಂಕಿ ಕಾದು, ಬೆಳಿಗ್ಗೆ ಮೈಸೂರಿನ ಬಸ್ಸು ಹತ್ತಿದವಳ ಅಂಕವನ್ನು ಉಳಿದವರ ಅಂಕದ ಜೊತೆಗಿಟ್ಟು ತೂಗುವಾಗ ತಕ್ಕಡಿಯ ಬಗ್ಗೆ ಒಂದಿಷ್ಟು ಸಂಕೋಚವಾದರೂ ಇರಬೇಕು.

ಫಲಿತಾಂಶ ಬಂದಾಗ ಆಕೆ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹಳಾಗಿದ್ದಳು. ಕಿರಿಯ ಸಂಶೋಧನಾ ಫೆಲೋಶಿಪ್ಪಿಗೆ, ಅಂದರೆ ಜೆಆರ್‌ಎಫ್‌ಗೆ ಅಲ್ಲ. ಈ ಎರಡರ ನಡುವಿನ ಅಂತರ ಹೊರಗಿನವರಿಗೆ ಅಷ್ಟಾಗಿ ಹೊಳೆಯುವುದಿಲ್ಲ. ಜೆಆರ್‌ಎಫ್ ದೊರೆತವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. 2023ರ ಜನವರಿಯಿಂದ ಜಾರಿಗೆ ಬಂದ ದರವಿದು. ದೊರೆಯದವರಿಗೆ ಪ್ರವೇಶವಷ್ಟೇ, ಅನ್ನದ ದಾರಿ ಅವರದೇ. ಯುಜಿಸಿ 2024ರಲ್ಲಿ ತಂದ ಹೊಸ ಏರ್ಪಾಡಿನಂತೆ ಈ ಎರಡನೆಯ ಬಗೆಯವರ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ. ಅಂಕದ ಆಯುಷ್ಯ ಒಂದೇ ವರ್ಷ. ಆಕೆಯ ಆ ಒಂದು ವರ್ಷ ಕಾಯುವುದರಲ್ಲೇ ಕಳೆಯಿತು. ಒಂದು ಕಡೆ ಪ್ರವೇಶದ ಅಧಿಸೂಚನೆ ಹೊರಬೀಳಲಿಲ್ಲ, ಇನ್ನೊಂದು ಕಡೆ ಹೊರಬಿತ್ತು, ಆದರೆ ಹಳೆಯ ಕಾವ್ಯದಲ್ಲಿ ಮಾರ್ಗದರ್ಶನ ಮಾಡುವವರ ಬಳಿ ಸ್ಥಾನ ಖಾಲಿ ಇರಲಿಲ್ಲ. ಅಂಕ ಸತ್ತುಹೋಯಿತು. ಮತ್ತೆ ಪರೀಕ್ಷೆ ಬರೆದಳು, ಮತ್ತೆ ಅರ್ಹಳಾದಳು, ಮತ್ತೆ ಫೆಲೋಶಿಪ್ ತಪ್ಪಿತು. ಈಗ ಹೊಸ ಅರ್ಜಿಯೊಂದಿಗೆ ಶಿಫಾರಸು ಪತ್ರ ಕೇಳಿಕೊಂಡು ನನ್ನಲ್ಲಿಗೆ ಬಂದಿದ್ದಾಳೆ.

ಸ್ಥಾನ ಖಾಲಿ ಇಲ್ಲವೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2022ರ ಯುಜಿಸಿ ನಿಯಮದ ಪ್ರಕಾರ ಏಕಕಾಲಕ್ಕೆ ಪ್ರಾಧ್ಯಾಪಕರೊಬ್ಬರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷದೊಳಗಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಿಯಮ ತಪ್ಪಲ್ಲ, ಒಬ್ಬರ ಕೈಕೆಳಗೆ ಇಪ್ಪತ್ತು ಪ್ರಬಂಧಗಳು ತಯಾರಾಗುತ್ತಿದ್ದ ಕಾಲವನ್ನೂ ನಾವು ನೋಡಿದ್ದೇವೆ. ಆದರೆ ಹಳಗನ್ನಡದ ಪ್ರಾಧ್ಯಾಪಕರು ನಿವೃತ್ತರಾದಾಗ ಆ ಹುದ್ದೆಯನ್ನು ತುಂಬದೆ ಅತಿಥಿ ಉಪನ್ಯಾಸಕರಿಂದ ಪಾಠ ಹೇಳಿಸಿದರೆ ಏನಾಗುತ್ತದೆ? ತರಗತಿ ನಡೆಯುತ್ತದೆ, ಅದರಿಂದ ಯಾರಿಗೂ ಕೊರತೆ ಕಾಣುವುದಿಲ್ಲ. ಆ ಎಂಟು ಸಂಶೋಧನಾ ಸ್ಥಾನಗಳು ಮಾತ್ರ ಸದ್ದಿಲ್ಲದೆ ಅಳಿಯುತ್ತವೆ. ಒಂದು ವಿದ್ಯೆ ಮುಗಿಯಿತೆಂದು ಯಾವ ಸರ್ಕಾರವೂ ಆದೇಶ ಹೊರಡಿಸಬೇಕಿಲ್ಲ. ನಾಲ್ಕು ನಿವೃತ್ತಿಗಳಾದರೆ ಸಾಕು.

2008ರ ಅಕ್ಟೋಬರ್ 31ರಂದು ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆತದ್ದನ್ನು ಓದುಗರು ಮರೆತಿರಲಾರರು. ರಾಜ್ಯೋತ್ಸವದ ಮುನ್ನಾದಿನ ಬಂದ ಆ ಸುದ್ದಿಗೆ ಸಿಹಿ ಹಂಚಿದವರಲ್ಲಿ ನಾನೂ ಒಬ್ಬ. 2004ರಲ್ಲಿ ತಮಿಳಿಗೆ ದೊರೆತಾಗಿನಿಂದ ನಮ್ಮೊಳಗೆ ಕುದಿಯುತ್ತಿದ್ದ ಅಸಮಾಧಾನ ಅಂದು ತಣಿಯಿತು. ಸ್ಥಾನಮಾನವನ್ನು ಪ್ರಶ್ನಿಸಿದ ಅರ್ಜಿಯನ್ನು 2016ರಲ್ಲಿ ಮದ್ರಾಸ್ ಹೈಕೋರ್ಟ್ ವಜಾ ಮಾಡಿದಾಗ ಮತ್ತೊಮ್ಮೆ ಹರ್ಷಪಟ್ಟೆವು. ಮೈಸೂರಿನಲ್ಲಿ ಶಾಸ್ತ್ರೀಯ ಕನ್ನಡದ ಅಧ್ಯಯನ ಕೇಂದ್ರವೂ ಬಂತು. ಅದಕ್ಕೆ ಸ್ವಾಯತ್ತತೆ ಬೇಕೆಂಬ ಬೇಡಿಕೆ ವರ್ಷಗಟ್ಟಲೆ ಕೇಳಿಬಂತು. ಈ ಸಂಭ್ರಮ, ಹೋರಾಟಗಳ ಯಾವ ಘಟ್ಟದಲ್ಲೂ ನಾವು ಕೇಳಿಕೊಳ್ಳದೆ ಹೋದ ಪ್ರಶ್ನೆ: ಇಪ್ಪತ್ತು ವರ್ಷ ಕಳೆದ ಮೇಲೆ ಇದನ್ನು ಓದುವವರು ಯಾರು? ವಿಪರ್ಯಾಸವೆಂದರೆ ಆ ಪ್ರಶ್ನೆಯನ್ನು ಆಗಲೇ ಎತ್ತಿದವರು ಹೊರನಾಡಿನವರು. ಮೈಸೂರಿಗೆ ಬಂದು ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ಬಳಿ ಹಳಗನ್ನಡ ಓದಿದ ಅಮೆರಿಕದ ವಿದ್ವಾಂಸ ಶೆಲ್ಡನ್ ಪೊಲಾಕ್, 2008ರ ನವೆಂಬರಿನಲ್ಲಿಯೇ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರೆದು, ಯಾವ ಭಾಷೆ ಶಾಸ್ತ್ರೀಯ ಎಂಬ ಜಗಳಕ್ಕಿಂತ ಆ ಭಾಷೆಗಳ ಹಳೆಯ ಕೃತಿಗಳನ್ನು ಓದಬಲ್ಲವರು ಉಳಿಯುವರೇ ಎಂಬುದೇ ದೊಡ್ಡ ಚಿಂತೆಯೆಂದು ಎಚ್ಚರಿಸಿದ್ದರು. ನಾವು ಆ ತಿಂಗಳು ಮೆರವಣಿಗೆಯಲ್ಲಿದ್ದೆವು.

ಓದುವುದೆಂದರೆ ಏನು ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಕನ್ನಡ ಬಲ್ಲವರೆಲ್ಲ ಹಳಗನ್ನಡವನ್ನು ಒಂದಿಷ್ಟು ಕಷ್ಟಪಟ್ಟರೆ ಓದಿಯಾರು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ತಾಳೆಗರಿಯಲ್ಲಿ ಪದಗಳ ನಡುವೆ ತೆರವಿಲ್ಲ, ಇಂದಿನಂಥ ವಿರಾಮಚಿಹ್ನೆಗಳಿಲ್ಲ. ಹಲವು ಪ್ರತಿಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿಲ್ಲ. ಎಲ್ಲಿ ಮುರಿದರೆ ಪದ, ಎಲ್ಲಿ ಮುರಿದರೆ ಅಪದ್ಧ ಎಂಬುದನ್ನು ಛಂದಸ್ಸು, ವ್ಯಾಕರಣ ಮತ್ತು ಅಭ್ಯಾಸ ಮೂರೂ ಸೇರಿ ಹೇಳಬೇಕು. ಲಿಪಿಕಾರನ ತಪ್ಪು ಯಾವುದು, ಕವಿಯ ಪ್ರಯೋಗ ಯಾವುದು ಎಂದು ನಿರ್ಧರಿಸಲು ಇನ್ನೂ ಹತ್ತು ವರ್ಷ ಬೇಕು. ಇದು ಕಂಪ್ಯೂಟರ್ ಯುಗವಲ್ಲವೇ, ಗರಿಗಳನ್ನೆಲ್ಲ ಛಾಯಾಚಿತ್ರ ತೆಗೆದು ಇಟ್ಟರಾಯಿತು ಎನ್ನುವವರಿದ್ದಾರೆ. ಚಿತ್ರ ತೆಗೆಯಲೇಬೇಕು. ಆದರೆ ಯಂತ್ರ ಒಂದು ಪದವನ್ನು ತಪ್ಪಾಗಿ ಮುರಿದಾಗ ‘ಇದು ತಪ್ಪು’ ಎನ್ನಲು ಒಬ್ಬ ಮನುಷ್ಯ ಬೇಡವೇ?

ಇಷ್ಟಾಗಿಯೂ ಈ ಭಾಷೆ ನಮಗೆ ದೂರದ್ದಲ್ಲ. ಹುಣಸೂರಿನಿಂದ ಮಡಿಕೇರಿ ರಸ್ತೆ ಹಿಡಿದರೆ ಸಿಗುವ ಪಿರಿಯಾಪಟ್ಟಣದ ಹೆಸರನ್ನೇ ನೋಡಿ. ಪಕಾರ ಹಕಾರವಾಗಿ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಿರಿಯ ಹಿರಿಯವಾಯಿತು. ಆ ಊರಿನ ಫಲಕದಲ್ಲಿ ಮಾತ್ರ ‘ಪಿರಿಯ’ ಹಾಗೆಯೇ ನಿಂತಿದೆ. ದಿನವೂ ಬಸ್ಸಿನ ಕಂಡಕ್ಟರು ಹಳಗನ್ನಡವನ್ನು ಕೂಗಿ ಹೇಳುತ್ತಾನೆ. ಆ ಹುಡುಗಿಗೆ ಈ ದಾರಿಯಲ್ಲಿ ಆಸಕ್ತಿ ಹುಟ್ಟಿದ್ದೂ ಊರ ಹೆಸರಿನಿಂದಲೇ. ಡಿ. ದೇವರಾಜ ಅರಸರ ಊರೆಂದು ನಾಡಿಗೆಲ್ಲ ಗೊತ್ತಿರುವ ಕಲ್ಲಹಳ್ಳಿ ನಮ್ಮ ತಾಲ್ಲೂಕಿನದು. ಹದಿನಾರನೆಯ ಶತಮಾನದ ಆರಂಭದಲ್ಲಿ ಆ ಕಲ್ಲಹಳ್ಳಿಯ ಪ್ರಭುಮನೆತನದಲ್ಲಿ ಒಬ್ಬ ಜೈನ ಕವಿಯಿದ್ದ, ಸಾಹಿತ್ಯ ಚರಿತ್ರೆಕಾರರು ಮೂರನೆಯ ಮಂಗರಸ ಎಂದು ಕರೆಯುವವನು. ಜಯನೃಪ ಕಾವ್ಯ, ಸಮ್ಯಕ್ತ್ವ ಕೌಮುದಿ, ನೇಮಿಜಿನೇಶ ಸಂಗತಿ ಮೊದಲಾದ ಕೃತಿಗಳ ಜೊತೆಗೆ ಸೂಪಶಾಸ್ತ್ರವೆಂಬ ಅಡುಗೆಯ ಗ್ರಂಥವನ್ನೂ ಪದ್ಯದಲ್ಲಿ ಬರೆದ. ಅದರಲ್ಲಿ ಬರುವ ತಿಂಡಿಗಳಲ್ಲಿ ಕೆಲವನ್ನು ನಮ್ಮ ಅಜ್ಜಿಯರು ಗುರುತಿಸಿಯಾರು, ಉಳಿದವು ಏನೆಂದು ತಿಳಿಯಬೇಕಾದರೆ ಪ್ರತಿಗಳನ್ನು ಹೋಲಿಸಿ ಕೂರಬೇಕು. ಮುಖ್ಯಮಂತ್ರಿಯ ಊರು ಎಲ್ಲರಿಗೂ ಗೊತ್ತು; ಕವಿಯ ಊರೆಂಬುದು ಎಂ.ಎ. ತರಗತಿಗೆ ಬರುವವರೆಗೆ ಆಕೆಗೇ ಗೊತ್ತಿರಲಿಲ್ಲ. ಮಂಗರಸನದು ನಡುಗನ್ನಡ, ಶಾಸ್ತ್ರೀಯ ಕನ್ನಡದ ಲೆಕ್ಕಕ್ಕೆ ಅವನು ತೀರ ಈಚಿನವನು ಎಂದು ತಕರಾರು ತೆಗೆಯುವವರೂ ಇರಬಹುದು. ಪಂಪ ರನ್ನರನ್ನು ಓದದೆ ಮಂಗರಸನನ್ನು ಓದಲು ಬಾರದು ಎಂಬುದಷ್ಟೇ ಅವರಿಗೆ ನನ್ನ ಉತ್ತರ.

ಇನ್ನು ನನ್ನದೇ ಕಥೆ. 1980ರ ದಶಕದಲ್ಲಿ ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿದಾಗ ನನಗೂ ಗ್ರಂಥಸಂಪಾದನೆಯ ಹುಚ್ಚಿತ್ತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪರೀಕ್ಷೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಓದಿದ್ದೆ. ಎರಡು ಬಾರಿ ಅರ್ಜಿ ಹಾಕಿದೆ. ಮೊದಲ ಸಲ ಅರ್ಜಿ ಎಲ್ಲಿ ಹೋಯಿತೆಂದು ಯಾವ ಮೇಜಿನವರಿಗೂ ತಿಳಿಯಲಿಲ್ಲ. ಎರಡನೆಯ ಸಲ ಪ್ರವೇಶ ಸಿಕ್ಕಿತು, ಹಣ ಸಿಗಲಿಲ್ಲ. ಮನೆಯಲ್ಲಿ ಇಬ್ಬರು ತಂಗಿಯರ ಮದುವೆಯಿತ್ತು. ಉಪನ್ಯಾಸಕ ಹುದ್ದೆ ಹಿಡಿದು, ಬಹಳ ವರ್ಷಗಳ ಬಳಿಕ, ಬಡ್ತಿಗೆ ಬೇಕಾಯಿತೆಂದು, ಆಧುನಿಕ ಕಾದಂಬರಿಗಳ ಮೇಲೆ ಪಿಎಚ್‌ಡಿ ಮಾಡಿದೆ. ಕಾದಂಬರಿಯ ಮೇಲೆ ಸಂಶೋಧನೆ ಕೀಳೆಂದು ನನ್ನ ಅಭಿಪ್ರಾಯವಲ್ಲ. ಅದು ಮೂರು ವರ್ಷದಲ್ಲಿ ಮುಗಿಯುತ್ತಿತ್ತು, ಆದ್ದರಿಂದ ಮಾಡಿದೆ ಎಂಬುದು ನಿಜ. ಇಂದು ಕಾವ್ಯದ ಪುಟ ತೆರೆದರೆ ಕಂದಪದ್ಯದ ನಾಲ್ಕು ಸಾಲಿಗೆ ಮೂರು ಸಲ ನಿಘಂಟು ತಿರುವುತ್ತೇನೆ. ಮೊನ್ನೆ ಒಂದು ಪದ್ಯದಲ್ಲಿ ನಾನು ತಡವರಿಸಿದ ಕಡೆ ಆ ಹುಡುಗಿ ಪದ ಬಿಡಿಸಿದಳು. ಒಂದೇ ತಲೆಮಾರಿನಲ್ಲಿ ಈ ವಿದ್ಯೆ ಹೇಗೆ ಕೈಬಿಡುತ್ತದೆ ಎಂಬುದಕ್ಕೆ ನಾನು ದೂರ ಹುಡುಕಬೇಕಿಲ್ಲ.

ಆ ತಂದೆಯ ಪ್ರಶ್ನೆಗೆ ಸತ್ಯವಾದ ಉತ್ತರ: ಸಿಗುವ ಭರವಸೆಯಿಲ್ಲ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವೆಂದಿದ್ದ ನಿಯಮವನ್ನು ಯುಜಿಸಿ 2023ರ ಜುಲೈಯಲ್ಲಿ ಕೈಬಿಟ್ಟಿತು. ನೆಟ್ ಅಥವಾ ಕೆ–ಸೆಟ್ ಆದರೆ ಸಾಕು. ಆಕೆಯ ಕೈಯಲ್ಲಿರುವ ಅರ್ಹತೆಯೋ ಸಂಶೋಧನೆಗೆ ಮಾತ್ರ ಸಲ್ಲುವುದು. ಐದಾರು ವರ್ಷ ತಾಳೆಗರಿಯ ಮುಂದೆ ಕೂರುವುದಕ್ಕಿಂತ ಆ ಪರೀಕ್ಷೆಯನ್ನೇ ಇನ್ನೊಮ್ಮೆ ಬರೆದು ಸೇವೆಗೆ ಸೇರುವುದು ಲೆಕ್ಕಾಚಾರಕ್ಕೆ ಸರಿ. ಸೇರಿದರೂ ಏನು? 2023ರ ನವೆಂಬರಿನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಕಾಯಮಾತಿ ಕೇಳಿ ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಅವರಲ್ಲಿ ಹತ್ತು, ಹದಿನೈದು ವರ್ಷ ಪಾಠ ಹೇಳಿದವರು, ಪಿಎಚ್‌ಡಿ ಪಡೆದವರು ಇದ್ದರು. ಇದೆಲ್ಲ ಆ ರೈತರಿಗೆ ಪತ್ರಿಕೆ ಓದಿ ಗೊತ್ತು. ಅವರು ನನ್ನನ್ನು ಕೇಳಿದ್ದು ತಿಳಿಯದೆ ಅಲ್ಲ.

ಇದು ಕನ್ನಡದ್ದೊಂದೇ ಪಾಡಲ್ಲ. ಗ್ರೀಕ್, ಲ್ಯಾಟಿನ್ ಓದುವವರ ಸ್ಥಿತಿಯೂ ಪಶ್ಚಿಮದಲ್ಲಿ ಇದಕ್ಕಿಂತ ಬಹಳ ಬೇರೆಯಿಲ್ಲ. ಕೋವಿಡ್ ಬಂದ 2020ರಲ್ಲಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಮಾನವಿಕ ವಿಷಯಗಳ ಪಿಎಚ್‌ಡಿ ಪ್ರವೇಶವನ್ನು ಒಂದು ವರ್ಷ ನಿಲ್ಲಿಸಿದವು. 2021ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯ ತನ್ನ ಕ್ಲಾಸಿಕ್ಸ್ ವಿಭಾಗವನ್ನೇ ಮುಚ್ಚುವ ನಿರ್ಧಾರ ಮಾಡಿತು. ಮೈಸೂರಿನ ಎ.ಕೆ. ರಾಮಾನುಜನ್ ಮೂರು ದಶಕ ಪಾಠ ಹೇಳಿದ ಶಿಕಾಗೊ ವಿಶ್ವವಿದ್ಯಾಲಯವೂ 2025ರಲ್ಲಿ ಹಲವು ಮಾನವಿಕ ಶಾಖೆಗಳಲ್ಲಿ ಮುಂದಿನ ಸಾಲಿನ ಪಿಎಚ್‌ಡಿ ಪ್ರವೇಶಕ್ಕೆ ತಡೆ ಹಾಕಿತು. ಆದರೆ ಅಲ್ಲಿನ ಅಧ್ಯಾಪಕರಲ್ಲಿ ಒಂದು ಗುಣ ನಾನು ಮೆಚ್ಚುತ್ತೇನೆ. ಪೂರ್ಣ ವೇತನ ಕೊಡದ ಕಡೆ ಸೇರಬೇಡ ಎಂದು ವಿದ್ಯಾರ್ಥಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಮ್ಮಲ್ಲಿ ಅದನ್ನು ಹೇಳಲು ನಾಚಿಕೆ. ತಾಯಿನುಡಿಯ ಸೇವೆ, ತಪಸ್ಸು ಎಂದೆಲ್ಲ ಹರಸಿ ಕಳಿಸುತ್ತೇವೆ. ತಪಸ್ಸಿನ ಖರ್ಚು ತಂಬಾಕಿನ ಬೇಲಿನಿಂದ ಹುಟ್ಟಬೇಕು.

ನಮ್ಮ ದೊಡ್ಡ ವಿದ್ವಾಂಸರು ಉಪವಾಸದಲ್ಲಿ ಕೆಲಸ ಮಾಡಿದರೆಂಬ ಕಥೆ ನಮಗೆ ಪ್ರಿಯ. ಬಡತನ ಇದ್ದಿರಬಹುದು, ಸಂಬಳವೂ ಇತ್ತು ಎಂಬುದನ್ನು ಮರೆಯುತ್ತೇವೆ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯವನ್ನು ಸಂಸ್ಥಾನವು 1891ರಲ್ಲಿ ಸ್ಥಾಪಿಸಿತು. 1905ರಲ್ಲಿ ಅಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಗರಿಗಳನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಆರ್. ಶಾಮಶಾಸ್ತ್ರಿಗಳು ಆ ಸಂಸ್ಥೆಯ ನೌಕರರು. ‘ಕರ್ಣಾಟಕ ಕವಿಚರಿತೆ’ ಬರೆದ ಆರ್. ನರಸಿಂಹಾಚಾರ್ಯರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸಿದವರು. ಅವರಿಗೂ ಮೊದಲು ಅದೇ ಇಲಾಖೆಯ ಬಿ.ಎಲ್. ರೈಸ್ ನಮ್ಮ ಹುಣಸೂರು, ಹೆಗ್ಗಡದೇವನಕೋಟೆ ಸೀಮೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದ್ದು 1898ರಲ್ಲಿ. ಕವಿರಾಜಮಾರ್ಗ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಮೊದಲ ಬಾರಿಗೆ ಅಚ್ಚಾದದ್ದೂ ಅದೇ 1898ರಲ್ಲಿ. ಆ ವರ್ಷವೇ ಬೆಂಗಳೂರಿಗೆ ಪ್ಲೇಗು ಬಂತು, ಜನ ಊರು ಬಿಟ್ಟು ಓಡಿದರು. ಕಷ್ಟಕಾಲವೆಂಬ ನೆಪ ಹೇಳಿ ಸಂಸ್ಥಾನ ಶಾಸನಗಳ ಮುದ್ರಣವನ್ನು ನಿಲ್ಲಿಸಲಿಲ್ಲ.

ಇಂದಿನ ಸರ್ಕಾರಕ್ಕೆ ಅಷ್ಟು ಹಣವಿಲ್ಲವೆಂದು ನಂಬುವುದು ಕಷ್ಟ. ಹಳೆಯ ಪಠ್ಯಗಳನ್ನು ಓದುವವರಿಗಾಗಿಯೇ ವರ್ಷಕ್ಕೆ ಹತ್ತು ಮಂದಿಗೆ, ಜೆಆರ್‌ಎಫ್‌ನಷ್ಟೇ ಮೊತ್ತದ ಫೆಲೋಶಿಪ್ಪನ್ನು ಆರು ವರ್ಷ ಕೊಟ್ಟರೆ ತಗಲುವ ವೆಚ್ಚ ಒಂದು ಉತ್ಸವದ ಶಾಮಿಯಾನ, ದೀಪಾಲಂಕಾರಗಳಿಗಿಂತ ಹೆಚ್ಚೇ? ಅದಕ್ಕೆ ಆಯ್ಕೆಯೂ ಬೇರೆಯಾಗಬೇಕು. ನೆಟ್ ಪರೀಕ್ಷೆಯ ನೂರೈವತ್ತು ಪ್ರಶ್ನೆಗಳಿಗೂ ಬಹು ಆಯ್ಕೆಯ ಉತ್ತರ; ಯಾವ ಕೃತಿ ಯಾವ ಕವಿಯದೆಂದು ಹೊಂದಿಸಿ ಬರೆಯಬಲ್ಲವನು ಆ ಕೃತಿಯ ಒಂದು ಪದ್ಯವನ್ನೂ ಓದಿರಬೇಕಿಲ್ಲ. ಸಂದರ್ಶನಕ್ಕೆ ಶೇ 30ರ ತೂಕವಿದೆಯಲ್ಲ, ಅದನ್ನೇ ಬಳಸಿಕೊಳ್ಳಲಿ. ‘ನಿಮ್ಮ ವಿಷಯದ ಪ್ರಸ್ತುತತೆ ಏನು’ ಎಂದು ಕೇಳುವ ಬದಲು ಅಭ್ಯರ್ಥಿಯ ಮುಂದೆ ಒಂದು ತಾಳೆಗರಿಯ ಚಿತ್ರ ಇಟ್ಟು, ಕಾಲು ಗಂಟೆ ಬಿಟ್ಟು, ಓದಿಸಲಿ. ತೊಡಕಲಿ, ತಪ್ಪಲಿ, ಎಲ್ಲಿ ತೊಡಕುತ್ತಾರೆಂಬುದರಲ್ಲೇ ಅವರ ಓದು ತಿಳಿಯುತ್ತದೆ. ಆ ಕಾಲು ಗಂಟೆಯಲ್ಲಿ ಬ್ಯಾರನ್ನಿನ ಮುಂದೆ ಓದಿದವಳೂ ಕೋಚಿಂಗ್ ಕೇಂದ್ರದಲ್ಲಿ ಓದಿದವರೂ ಒಂದೇ ನೆಲದ ಮೇಲೆ ನಿಲ್ಲುತ್ತಾರೆ.

ಕಳೆದ ವಾರ ಶಿಫಾರಸು ಪತ್ರ ಬರೆದುಕೊಟ್ಟೆ. ಪ್ರತಿಭಾವಂತೆ, ಪರಿಶ್ರಮಿ ಎಂಬ ರೂಢಿಯ ಮಾತುಗಳನ್ನು ಬಿಟ್ಟು, ನಾನು ತಡವರಿಸಿದ ಪದ್ಯ ಯಾವುದು, ಆಕೆ ಅದನ್ನು ಹೇಗೆ ಬಿಡಿಸಿದಳು ಎಂಬುದನ್ನು ಬರೆದೆ. ಬಳಿಕ ಊರಿಗೆ ಹೋಗಿ ಆಕೆಯ ತಂದೆಯ ಎದುರು ಕುಳಿತು, ನನಗೆ ತಿಳಿದದ್ದನ್ನೆಲ್ಲ ಹೇಳಿದೆ: ಹುದ್ದೆಯ ಭರವಸೆಯಿಲ್ಲ; ಎರಡು ವರ್ಷದೊಳಗೆ ಫೆಲೋಶಿಪ್ ಬಾರದಿದ್ದರೆ ಬಿಟ್ಟು ಬರಲಿ, ಅದನ್ನು ಸೋಲೆಂದು ಯಾರೂ ಅನ್ನಬಾರದು; ಮೈಸೂರಿನಲ್ಲಿ ಆ ಎರಡು ವರ್ಷ ನಮ್ಮ ಮನೆಯಲ್ಲೇ ಇರಲಿ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳ ಕಡೆ ನೋಡಿ, ‘ಹೋಗವ್ವ. ಆದ್ರೆ ಬ್ಯಾರನ್ ಹಚ್ಚೋ ತಿಂಗ್ಳು ಊರ್ಗೆ ಬರ್ಬೇಕು’ ಎಂದರು. ಆಕೆ ತಲೆಯಾಡಿಸಿ, ಅರ್ಜಿಯ ಶುಲ್ಕದ ರಸೀದಿಯನ್ನು ಮಂಗರಸನ ಪುಸ್ತಕದೊಳಗೆ ಇಟ್ಟುಕೊಂಡಳು.